ಸೆನ್ಸರ್ ಇದೆ ಅಂತ ಮಗುವಿನ ಬೆರಳು ಬಿಟ್ಟುಕೊಡಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮನೆಮಂದಿಯೆಲ್ಲ ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿದ್ದೆವು. ಹೊರಡುವಾಗ ಭಾವ ಹೊಸ ಕಾರಿನ ಡಿಕ್ಕಿ ಮುಚ್ಚಲು ಬಟನ್ ಒತ್ತಿ, ಡ್ರೈವರ್ ಸೀಟಿನ ಕಡೆ ನಡೆದರು. ತಾನೇ ಇಳಿದು ಮುಚ್ಚಿಕೊಳ್ಳುವ ಡಿಕ್ಕಿ ಅದು. ಅಕ್ಕನ ಐದು ವರ್ಷದ ಮಗಳಿಗೆ ಒಳಗಿದ್ದ ಬಲೂನು ಬೇಕಾಗಿತ್ತು, ಪಕ್ಕದ ಅಂಚಿನ ಮೇಲೆ ಕೈ ಇಟ್ಟು ಬಗ್ಗಿ ನೋಡುತ್ತಿದ್ದಳು. ನಾನು ತೆಂಗಿನಕಾಯಿ ಚೀಲ ಹಿಡಿದು ಎರಡೇ ಹೆಜ್ಜೆ ದೂರ ನಿಂತಿದ್ದೆ. ಬೀಪ್ ಬೀಪ್ ಅಂತ ಸದ್ದು ಬರುತ್ತಲೇ ಇತ್ತು, ನಮಗ್ಯಾರಿಗೂ ಭಯ ಆಗಲಿಲ್ಲ, ಯಾಕಂದ್ರೆ ಶೋರೂಮಿನಲ್ಲಿ ಏನಾದರೂ ಅಡ್ಡ ಬಂದರೆ ತಾನೇ ಮೇಲಕ್ಕೆ ಹೋಗುತ್ತೆ ಅಂತ ಹೇಳಿ ಕಳಿಸಿದ್ದರು. ಮೇಲಕ್ಕೆ ಹೋಗಲಿಲ್ಲ. ಮಗು ಕಿರುಚಿದ ಮೇಲೆ ನಾನೇ ಓಡಿ ಹೋಗಿ ಹಿಡಿ ಒತ್ತಿ ತೆರೆದೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಉಂಗುರದ ಬೆರಳಿನ ಉಗುರು ಪೂರ್ತಿ ಕಪ್ಪಾಗಿದೆ, ಇನ್ನೇನು ಬೀಳುವ ಹಾಗಿದೆ.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸೆನ್ಸರ್ ಅಂದರೆ ಏನೋ ಕಣ್ಣಿನ ಥರ ಇರುತ್ತೆ ಅಂದುಕೊಂಡಿದ್ದೆ. ಹೆಚ್ಚಿನ ಕಾರುಗಳಲ್ಲಿ ಹಾಗಿಲ್ಲ. ಡಿಕ್ಕಿ ಬಾಗಿಲು ಇಳಿಯುವಾಗ ಏನಾದರೂ ಅಡ್ಡ ಬಂದರೆ ಅದನ್ನು ಇಳಿಸುವ ಮೋಟಾರಿನ ವೇಗ ಕುಗ್ಗುತ್ತದೆ, ಅದು ಎಳೆಯುವ ಕರೆಂಟ್ ಜಾಸ್ತಿ ಆಗುತ್ತದೆ, ಅದನ್ನು ನೋಡಿ ಕಾರಿನ ಕಂಪ್ಯೂಟರ್ ಬಾಗಿಲನ್ನು ವಾಪಸ್ ಎತ್ತುತ್ತದೆ. ದೊಡ್ಡ ಸೂಟ್‌ಕೇಸೋ ದೊಡ್ಡವರ ತೋಳೋ ಆದರೆ ಸರಿ. ಮಗುವಿನ ಬೆರಳು ಸಣ್ಣದು, ಮೆತ್ತಗಿನದು. ಅಷ್ಟೊತ್ತಿಗೆ ಬಾಗಿಲು ಸುತ್ತಲಿನ ರಬ್ಬರ್ ಬೀಡಿಂಗಿಗೂ ತಾಗುವ ಹೊತ್ತಾಗಿರುತ್ತದೆ, ಅದನ್ನು ಅದುಮಲು ಮೋಟಾರ್ ಹೇಗೂ ಜೋರು ಮಾಡಲೇಬೇಕು. ರಬ್ಬರ್ ಯಾವುದು, ಬೆರಳು ಯಾವುದು ಅಂತ ಅದಕ್ಕೆ ತಿಳಿಯುವುದು ಕಷ್ಟ. ಕೆಲವು ಕಾರುಗಳಲ್ಲಿ ಕೊನೆಯ ಕೆಲವು ಮಿಲಿಮೀಟರನ್ನು ಲಾಚ್, ಅಂದರೆ ಬಾಗಿಲು ಹಿಡಿದಿಡುವ ಕೊಂಡಿ, ತಾನೇ ಗಟ್ಟಿಯಾಗಿ ಎಳೆದುಕೊಳ್ಳುತ್ತದೆ. ಬಾಗಿಲಿನ ಎರಡು ಅಂಚಿಗೂ ಮುಟ್ಟಿದರೆ ತಿಳಿಯುವ ಪಟ್ಟಿ ಹಾಕಿರುವ ಕಾರುಗಳೂ ಇವೆ, ಭಾವನ ಕಾರಿನಲ್ಲಿ ಅದು ಇಲ್ಲ.

ಟೆಸ್ಲಾ ಕಂಪನಿಯ ಸೈಬರ್‌ಟ್ರಕ್ ಅನ್ನುವ ಎಲೆಕ್ಟ್ರಿಕ್ ಗಾಡಿಯ ಮುಂದಿನ ಮುಚ್ಚಳಕ್ಕೆ ಜನ ಕ್ಯಾರೆಟ್ ಇಟ್ಟು ನೋಡಿದ ವಿಡಿಯೋ ನೋಡಿ, ನಾವೂ ಮಂಡ್ಯದ ಮನೆಯ ಅಂಗಳದಲ್ಲಿ ಪರೀಕ್ಷೆ ಮಾಡಿದೆವು. ಸುತ್ತಿದ ಟವೆಲ್ ಇಟ್ಟಾಗ ಬಾಗಿಲು ಪಟ್ಟನೆ ಮೇಲೆ ಹೋಯಿತು. ಹಿತ್ತಲಿನ ಎಳೆ ನುಗ್ಗೆಕಾಯಿ ಒಂದನ್ನು ಪಕ್ಕದ ಅಂಚಿನಲ್ಲಿಟ್ಟೆ, ಮಗುವಿನ ಬೆರಳಿನಷ್ಟೇ ದಪ್ಪದ್ದು. ಬಾಗಿಲು ಪೂರ್ತಿ ಮುಚ್ಚಿತು. ತೆರೆದಾಗ ಕಾಯಿ ಅಪ್ಪಚ್ಚಿಯಾಗಿ ರಸ ರಬ್ಬರಿಗೆ ಅಂಟಿಕೊಂಡಿತ್ತು. ಅಕ್ಕ ಅದನ್ನು ನೋಡಲಾಗದೆ ಒಳಗೆ ಹೋದಳು.

ಕಾರಿನ ಕಿಟಕಿಗೆ ಈ ವಿಷಯದಲ್ಲಿ ಲೆಕ್ಕ ಇದೆ. ತಾನಾಗಿ ಮೇಲೇರುವ ಗಾಜು 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ತೂಕದಷ್ಟು ಒತ್ತುವ ಮೊದಲೇ ವಾಪಸ್ ಹೋಗಬೇಕು ಅಂತ ಯುರೋಪಿನ ನಿಯಮ ಹೇಳುತ್ತದೆ. ಅಮೆರಿಕದಲ್ಲಿ 2022ರಲ್ಲಿ ಕಿಟಕಿ ಗಾಜು ಸರಿಯಾಗಿ ಹಿಂದಕ್ಕೆ ಹೋಗುತ್ತಿಲ್ಲ ಅಂತ ಸುಮಾರು 11 ಲಕ್ಷ ಟೆಸ್ಲಾ ಕಾರುಗಳ ಸಾಫ್ಟ್‌ವೇರ್ ಬದಲಿಸಬೇಕಾಯಿತು. ಗಾಜಿಗೆ ಇಷ್ಟು ಕಾಳಜಿ ಇರುವಾಗ, ಗಾಜಿಗಿಂತ ಎಷ್ಟೋ ಭಾರದ ಡಿಕ್ಕಿ ಬಾಗಿಲಿಗೂ ಇರಬೇಕು ಅಲ್ವಾ? ಕಾರು ಕಂಪನಿಯವರು ಪರೀಕ್ಷೆ ಮಾಡುವಾಗ ದಪ್ಪ ಕೋಲು ಇಟ್ಟರೆ ಸಾಲದು, ನಾಲ್ಕೈದು ವರ್ಷದ ಮಗುವಿನ ಬೆರಳಿನಷ್ಟು ತೆಳುವಾದ್ದನ್ನು ನಾಲ್ಕೂ ಅಂಚಿನಲ್ಲಿ ಇಟ್ಟು ನೋಡಬೇಕು. ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಬಾಗಿಲು ಇಳಿಯಬೇಕು, ಬೆರಳು ತೆಗೆದ ಕೂಡಲೇ ನಿಲ್ಲಬೇಕು. ಆಗ ಮುಚ್ಚುವವರು ಅಲ್ಲೇ ನಿಂತಿರುತ್ತಾರೆ.

ಇನ್ನು ಬಂಪರ್ ಕೆಳಗೆ ಕಾಲಾಡಿಸಿದರೆ ಮುಚ್ಚುವ ಕಾರುಗಳಿವೆ. ಕೀ ಜೇಬಿನಲ್ಲಿಟ್ಟುಕೊಂಡು ಕಾರು ತೊಳೆಯುವವರು, ಪಕ್ಕದಲ್ಲಿ ಮಕ್ಕಳನ್ನು ಆಡಲು ಬಿಟ್ಟವರು ದಯವಿಟ್ಟು ಆ ಸೌಲಭ್ಯ ಆಫ್ ಮಾಡಿಕೊಳ್ಳಿ.

ಮೈಸೂರು, ಮಂಡ್ಯದ ಶೋರೂಮಿನವರಲ್ಲಿ ಒಂದೇ ವಿನಂತಿ. ಕಾರಿನ ಕೀ ಕೈಗೆ ಕೊಟ್ಟು ಹಾರ ಹಾಕಿ ಫೋಟೋ ತೆಗೆಯುವ ಮೊದಲು, ಮನೆಯವರ ಎದುರೇ ಒಂದು ಹುರುಳಿಕಾಯಿ ಇಟ್ಟು ಬಾಗಿಲು ಮುಚ್ಚಿ ತೋರಿಸಿ. ಅದು ನಿಲ್ಲದಿದ್ದರೆ ಹಾಗಂತಲೇ ಹೇಳಿ. ಭಾವ ಈಗ ಡಿಕ್ಕಿ ತಾನೇ ಮುಚ್ಚಿಕೊಳ್ಳುವುದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿಸಿದ್ದಾರೆ. ಈಗ ಯಾರು ಡಿಕ್ಕಿ ಮುಚ್ಚಿದರೂ ಮೊದಲು ಮಗುವಿನ ಎರಡು ಕೈ ಎಲ್ಲಿದೆ ಅಂತ ನೋಡಿ, ಆಮೇಲೆ ಕೈಯಿಂದಲೇ ಇಳಿಸುತ್ತಾರೆ.

ಇಂತಿ,
ನಿಮ್ಮ ಓದುಗ, ಮಂಡ್ಯ