ನಿನ್ನ ಲೆಕ್ಕ ನಾನು ನೋಡಬಾರದಿತ್ತು

ಉಡುಪಿ,
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದ್ದೆಯಲ್ಲ, ನನ್ನ ಕ್ರಿಪ್ಟೊ ನಾಣ್ಯ ಈಥರ್ ಏರಿದೆ, ಅಮ್ಮನ ಬಳೆ ನನ್ನ ಲೆಕ್ಕಕ್ಕೆ ಎಂದು. ಅಮ್ಮ ಅದನ್ನು ಮೂರು ಮನೆಗೆ ತೋರಿಸಿ ಬಂದಳು. ನನ್ನ ಕಣ್ಣು ಬಿದ್ದದ್ದು ಮೇಲಿನ ಮೂಲೆಗೆ. ನಿನ್ನ ಹೆಸರು, ಆಮೇಲೆ ಡಾಟ್ ಇಟಿಎಚ್. ಪಕ್ಕದ ಮನೆಯ ಹುಡುಗನಲ್ಲಿ ಇದೆಂತದು ಎಂದು ಕೇಳಿದೆ. ಅದು ನಿನ್ನ ನಾಣ್ಯದ ಲೆಕ್ಕದ ಅಡ್ರೆಸ್‌ಗೆ ಇಟ್ಟ ಹೆಸರಂತೆ. ಅವನು ಅದನ್ನು ಈಥರ್‌ಸ್ಕ್ಯಾನ್ ಎಂಬ, ಆ ಲೆಕ್ಕಗಳನ್ನು ಯಾರಿಗೂ ತೋರಿಸುವ ವೆಬ್‌ಸೈಟಿಗೆ ಹಾಕಿ ಫೋನನ್ನು ನನ್ನ ಕೈಗೆ ಕೊಟ್ಟ.

ಎಲ್ಲವೂ ಇತ್ತು ಮಗಾ. ಪಾಸ್‌ವರ್ಡ್ ಕೇಳಲಿಲ್ಲ, ಒಟಿಪಿ ಕೇಳಲಿಲ್ಲ. ಹೊರದೇಶದ ಕಂಪನಿಯಿಂದ ನಿನಗೆ ಬಂದ ಒಂದೊಂದು ಸಂಬಳ, ಈಗ ಕೈಯಲ್ಲಿ ಉಳಿದದ್ದು, ಒಮ್ಮೆ ಕಳೆದುಕೊಂಡದ್ದು. ನಮ್ಮ ಹೊತ್ತು ತಿಳಿಯಲು ಅಲ್ಲಿ ಕಾಣುವ ಹೊತ್ತಿಗೆ ಐದೂವರೆ ಗಂಟೆ ಸೇರಿಸಿಕೊಳ್ಳಬೇಕಂತೆ. ಒಂದು ವ್ಯವಹಾರಕ್ಕೆ ಸೇರಿಸಿ ನೋಡಿದೆ, ರಾತ್ರಿ 2 ಗಂಟೆ 40 ನಿಮಿಷ. ಬೇಗ ಮಲಗುತ್ತೇನೆ ಎಂದು ನೀನು ಅಮ್ಮನಿಗೆ ಹೇಳುತ್ತಿದ್ದ ದಿನಗಳವು. ಪ್ರತಿ ತಿಂಗಳ 5ಕ್ಕೆ ತಪ್ಪದೆ ಬೇರೊಂದು ಅಡ್ರೆಸ್‌ಗೆ ಹೋಗುವ ಒಂದೇ ಮೊತ್ತವೂ ಕಂಡಿತು. ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ, ಇನ್ನೂ ಕೆಳಗೆ ಹೋದೆ. ಆಮೇಲೆ ಫೋನನ್ನು ಕವುಚಿ ಇಟ್ಟೆ. ನೀನಿಲ್ಲದಾಗ ನಿನ್ನ ಕಪಾಟು ತೆಗೆದು ಬಟ್ಟೆಯ ಅಡಿಗೆ ಕೈ ಹಾಕಿದ ಹಾಗಾಯಿತು. ಆ ಹುಡುಗನೂ ನನ್ನ ಹೆಗಲ ಮೇಲಿಂದ ಎಲ್ಲ ನೋಡಿದ್ದಾನೆ.

29 ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವ ನಾನು. 1928ರಲ್ಲಿ ಇದೇ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಉಳಿತಾಯ ಅದು. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರು ಸೆರಗಿನ ಗಂಟು ಬಿಚ್ಚಿ, ಮೀನಿನ ನೀರು ತಾಗಿದ ನೋಟು ಕೊಡುತ್ತಿದ್ದರು. ಕೊಡುವಾಗ ಒಂದೇ ಮಾತು, "ಇಲ್ಲಡ್ ಪನೊಡ್ಚಿ." ಮನೆಯಲ್ಲಿ ಹೇಳಬೇಡಿ. 1991ರಲ್ಲಿ ಅವರಲ್ಲೊಬ್ಬಳ ಗಂಡ ಚಾ ಅಂಗಡಿಯಲ್ಲಿ ಸಲುಗೆಯಿಂದ ಕೇಳಿದ, ನಮ್ಮವಳದ್ದು ಎಷ್ಟಾಗಿರಬಹುದು ಅಂತ. 1,800 ರೂಪಾಯಿ ಅಂದುಬಿಟ್ಟೆ. ಮುಂದಿನ ವಾರವೇ ಅವಳು ಖಾತೆ ಮುಚ್ಚಿಸಲು ಬಂದಳು. ಗಂಡ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಹೆಬ್ಬೆಟ್ಟು ಒತ್ತಿ, ದುಡ್ಡು ತೆಗೆದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಆ ವರ್ಷವಿಡೀ ನನಗೆ ಆ ಕೇರಿಯಲ್ಲಿ ಒಂದು ಹೊಸ ಖಾತೆ ಸಿಗಲಿಲ್ಲ. ಅದು ನ್ಯಾಯವೇ.

ಪಿಗ್ಮಿಯ ಲೆಕ್ಕ ಯಾರಿಗೂ ತಿಳಿಯದ ಗುಟ್ಟಲ್ಲ. ನನಗೆ ಗೊತ್ತಿತ್ತು, ಬ್ಯಾಂಕಿಗೆ ಗೊತ್ತಿತ್ತು, ಕೋರ್ಟು ಕೇಳಿದರೆ ತೋರಿಸಬೇಕಿತ್ತು. ಬೀದಿಗೆ ಮಾತ್ರ ಗೊತ್ತಿರಲಿಲ್ಲ. ನಿನ್ನದು ತಿರುಗುಮುರುಗು: ಪುಸ್ತಕ ಇಡೀ ಬೀದಿಗೆ ತೆರೆದೇ ಇದೆ, ಮೇಲೆ ಹೆಸರು ಮಾತ್ರ ಇಲ್ಲ. ಆ ಹೆಸರನ್ನೂ ನೀನೇ ಬರೆದುಕೊಟ್ಟಿದ್ದೀ.

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಬಂದ ಬಿಟ್‌ಕಾಯಿನ್‌ನ ಮೂಲ ಬರಹವನ್ನು ಈ ವಾರ ಆ ಹುಡುಗನಿಂದ ಓದಿಸಿ ಅರ್ಥ ಮಾಡಿಕೊಂಡೆ. 9 ಪುಟ. ಒಬ್ಬನ ವ್ಯವಹಾರಗಳನ್ನೆಲ್ಲ ಒಟ್ಟಿಗೆ ಜೋಡಿಸಿ ನೋಡಲು ಆಗದಂತೆ ಪ್ರತಿ ಸಲವೂ ಹೊಸ ಕೀಲಿ, ಅಂದರೆ ಹೊಸ ಅಡ್ರೆಸ್, ಬಳಸಿ ಎಂದು ಅದರಲ್ಲೇ ಉಂಟು. ಒಂದೇ ಅಡ್ರೆಸ್ ಯಾಕೆ ಇಟ್ಟಿದ್ದೀ ಎಂದು ಆಮೇಲೆ ಒಮ್ಮೆ ಸುಮ್ಮನೆ ಕೇಳಿದ್ದೆ, ನೆನಪುಂಟಾ? ಹಳೇ ಅಡ್ರೆಸ್‌ಗೇ ಏರ್‌ಡ್ರಾಪ್, ಪುಕ್ಕಟೆ ನಾಣ್ಯ, ಬೀಳುವುದು ಅಪ್ಪಾ ಅಂದಿದ್ದೆ ನೀನು. ಸುಳ್ಳಲ್ಲ. 2020ರ ಸೆಪ್ಟೆಂಬರಿನಲ್ಲಿ ನಾಣ್ಯ ಅದಲುಬದಲು ಮಾಡಿಕೊಡುವ ಯೂನಿಸ್ವಾಪ್ ತನ್ನನ್ನು ಹಿಂದೆ ಬಳಸಿದ್ದ ಅಡ್ರೆಸ್‌ಗಳಿಗೆ ತಲಾ 400 ಟೋಕನ್ ಪುಕ್ಕಟೆ ಹಂಚಿತು. ಅಂಥದ್ದು ಇನ್ನೊಮ್ಮೆ ಬಂದೀತು ಎಂದು ಎಷ್ಟೋ ಮಂದಿ ತಮ್ಮ ಹಳೇ ಲೆಕ್ಕವನ್ನು ಹಾಗೇ ತೆರೆದಿಟ್ಟು ಕಾಯುತ್ತಿದ್ದಾರೆ. ಬಂದರೆ ಲಾಭ ಖಂಡಿತ. ಆದರೆ ಅದಕ್ಕೆ ನೀನು ಕೊಡುತ್ತಿರುವುದು ಎಂತದು ಎಂದು ಒಮ್ಮೆ ಕೂತು ಯೋಚಿಸು.

ಗುಟ್ಟು ಕಾಯುವ ನಾಣ್ಯಗಳೂ ಇವೆ. ಮೊನೆರೊ ಅಂಥದ್ದು, 2014ರದ್ದು. ಆದರೆ 2024ರ ಫೆಬ್ರವರಿಯಲ್ಲಿ ಬೈನಾನ್ಸ್ ಎಂಬ, ನಾಣ್ಯ ಕೊಂಡು ಮಾರುವ ದೊಡ್ಡ ಎಕ್ಸ್‌ಚೇಂಜ್ ಅದನ್ನು ತನ್ನ ಪಟ್ಟಿಯಿಂದಲೇ ತೆಗೆಯಿತು. ಅಂಗಡಿ ನಡೆಯಬೇಕಾದರೆ ಲೈಸೆನ್ಸ್ ಕೊಡುವ ಸರಕಾರಗಳನ್ನು ಎದುರು ಹಾಕಿಕೊಳ್ಳಲಿಕ್ಕಾಗದು. ಸರಕಾರಗಳ ಹೆದರಿಕೆಯೂ ಸುಮ್ಮನೆಯದಲ್ಲ. ಹಣದ ಜಾಡು ಅಳಿಸುವ ಟೊರ್ನೇಡೊ ಕ್ಯಾಶ್‌ನಲ್ಲಿ ಉತ್ತರ ಕೊರಿಯಾದ ಹ್ಯಾಕರ್‌ಗಳು ಕದ್ದ ದುಡ್ಡನ್ನು ತೊಳೆದಿದ್ದರು. 2022ರಲ್ಲಿ ಅಮೆರಿಕ ಅದರ ಮೇಲೆ ನಿರ್ಬಂಧ ಹಾಕಿ, 2025ರಲ್ಲಿ ತೆಗೆಯಿತು. ಕಳ್ಳನಿಗೆ ಮರೆಯಾಗುವ ಗೋಡೆಯೇ ಆ ಮಲ್ಪೆಯ ಹೆಂಗಸಿಗೂ ಬೇಕಾಗಿತ್ತು. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ.

ನಿನ್ನ ಮಟ್ಟಿಗೆ ಮಾತ್ರ ಹೇಳುತ್ತೇನೆ. ತೆರಿಗೆಯವರ ಹತ್ತಿರ ಒಂದು ಪೈಸೆಯೂ ಮುಚ್ಚಿಡಬೇಡ. ಲಾಭಕ್ಕೆ 30 ಪರ್ಸೆಂಟ್ ಕಟ್ಟು, ನಷ್ಟವನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ ಎಂದು ಹೊಟ್ಟೆ ಉರಿದರೂ ಕಟ್ಟು. ಆದರೆ ಆ ಹೆಸರನ್ನು ತೆಗೆದುಹಾಕು. ಮುಂದಿನ ಸಂಬಳ ಹೊಸ ಅಡ್ರೆಸ್‌ಗೆ ಬರಲಿ. ಹಳೆಯದರಿಂದ ಹೊಸದಕ್ಕೆ ನೇರ ದುಡ್ಡು ಹಾಕಬೇಡ, ಆ ದಾರಿಯೂ ಎಲ್ಲರಿಗೆ ಕಾಣುತ್ತದೆ. ಎಕ್ಸ್‌ಚೇಂಜಿಗೆ ನಿನ್ನ ಪಾನ್, ಆಧಾರ್ ಕೊಟ್ಟಾಗಿದೆ, ಅದು ಇನ್ನು ನಿನ್ನ ಕೈಯಲ್ಲಿಲ್ಲ. ಕಾಯಿನ್‌ಬೇಸ್‌ನಂಥ ದೊಡ್ಡ ಎಕ್ಸ್‌ಚೇಂಜಿನಲ್ಲೇ ಹೊರಗುತ್ತಿಗೆಯ ಕೆಲಸಗಾರರು ಲಂಚ ತಿಂದು ಸುಮಾರು 70 ಸಾವಿರ ಗ್ರಾಹಕರ ವಿವರ ಮಾರಿದ್ದು 2025ರ ಮೇನಲ್ಲಿ ಹೊರಬಿತ್ತು. ನಿನ್ನ ಹಾಸ್ಟೆಲಿನ ವಿಳಾಸವೂ ನಿನ್ನ ಬ್ಯಾಲೆನ್ಸೂ ಒಬ್ಬನೇ ಮನುಷ್ಯನ ಕೈಗೆ ಸಿಕ್ಕಿದರೆ ಎಂದು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಅಟ್ಟದಲ್ಲಿ ನನ್ನ ಹಳೇ ಕಲೆಕ್ಷನ್ ಡೈರಿಗಳಿದ್ದವು, ಹನ್ನೊಂದು. ಯಾರ್ಯಾರ ಮನೆಯ ಎಷ್ಟೆಷ್ಟು ಎಂದು ನನ್ನ ಅಕ್ಷರದಲ್ಲೇ ಉಂಟು. ನಿನ್ನೆ ಬಚ್ಚಲ ಒಲೆಗೆ ಹಾಕಿದೆ. ಥಂಡಿ ಹಿಡಿದಿದ್ದವು, ಉರಿಯಲು ಹೊತ್ತು ಹಿಡಿಯಿತು.

ಆ ಸ್ಕ್ರೀನ್‌ಶಾಟನ್ನು ಗ್ರೂಪಿನಿಂದ ನೀನೇ ಅಳಿಸು. ಅಮ್ಮನಿಗೆ ಬಳೆ ನಾನೇ ತೆಗೆಸಿಕೊಡುತ್ತೇನೆ. ತಿಂಗಳ 5ಕ್ಕೆ ಹೋಗುವ ದುಡ್ಡು ಯಾರಿಗೆ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಅಷ್ಟಮಿಗೆ ರಜೆ ಸಿಕ್ಕಿದರೆ ಹಿಂದಿನ ರಾತ್ರಿಯ ಬಸ್ಸಿಗೇ ಬಾ.

ನಿನ್ನ,
ಅಪ್ಪ