ಸರಪಳಿ ಮೇಲಕ್ಕೆ ಕಟ್ಟಬೇಡಿ

ಸಂಪಾದಕರಿಗೆ ನಮಸ್ಕಾರ.

ಭದ್ರಾ ನಾಲೆಗೆ ನೀರು ಬಿಟ್ಟರೆ ನಮ್ಮ ಮಲೇಬೆನ್ನೂರು ಕಡೆ ಗದ್ದೆಗಳಲ್ಲೆಲ್ಲ ಟ್ರ್ಯಾಕ್ಟರ್ ಸದ್ದು. ಕೆಸರಲ್ಲಿ ಹೂತುಕೊಳ್ಳುವುದು ಮಾಮೂಲಿ. ಆಗ ಯಾರೋ ಸರಪಳಿ ತರುತ್ತಾರೆ, ಕೈಗೆ ಸಿಕ್ಕಿದ ಕಡೆ ಕಟ್ಟುತ್ತಾರೆ. ಆ ಕಟ್ಟುವ ಜಾಗದ ಬಗ್ಗೆ ಈ ಪತ್ರ.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹೊಡೆದು, ಭತ್ತ ತುಂಬಿದ ನಮ್ಮ ಟ್ರೈಲರ್ ಬದುವಿನ ಪಕ್ಕ ಹೂತಿತ್ತು. ಟ್ರ್ಯಾಕ್ಟರಿನ ಡ್ರಾಬಾರ್, ಅಂದರೆ ಹಿಂದೆ ಕೆಳಗಡೆ ಇರುವ ಎಳೆಯುವ ಪಟ್ಟಿ, ಕೆಸರೊಳಗೆ ಮುಳುಗಿತ್ತು. ನನ್ನ ತಮ್ಮ ಸರಪಳಿಯನ್ನು ಅದಕ್ಕಿಂತ ಮೇಲೆ, ಟಾಪ್ ಲಿಂಕ್ (ನೇಗಿಲು ಹಿಡಿಯುವ ಮೇಲಿನ ಕೊಂಡಿ) ಸಿಕ್ಕಿಸುವ ಬ್ರಾಕೆಟ್‌ಗೆ ಹಾಕಿದ. ನಾನೂ ತಿರುಗಿ ನೋಡದೆ ಕ್ಲಚ್ ಬಿಟ್ಟೆ. ಮುಂದಿನ ಎರಡೂ ಗಾಲಿ ಎದ್ದವು. ಕಣ್ಣೆದುರು ಬಾನೆಟ್, ಅದರಾಚೆ ಬರೀ ಆಕಾಶ. ಕ್ಲಚ್ ತುಳಿದೆ, ಧಡ್ ಅಂತ ಕೆಳಗೆ ಬಿತ್ತು. ಇಪ್ಪತ್ತೆರಡು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ. ಅವತ್ತು ಮನೆಗೆ ಬಂದರೂ ಕೈ ನಡುಕ ನಿಲ್ಲಲಿಲ್ಲ.

ಏನನ್ನೇ ಎಳೆದರೂ ಮುಂದಿನ ಗಾಲಿ ಮೇಲಿನ ಭಾರ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅದು ಬೇಕು ಕೂಡ. ಹಿಂದಿನ ಗಾಲಿ ನೆಲ ಕಚ್ಚುವುದೇ ಆ ಭಾರದಿಂದ ಅಲ್ವಾ? ಆದರೆ ಸರಪಳಿ ಕಟ್ಟಿ ಎಳೆಯುವ ಜಾಗ ಹಿಂದಿನ ಆಕ್ಸಲ್‌ಗಿಂತ ಕೆಳಗಿರಬೇಕು. ಮೇಲಿದ್ದರೆ ಟ್ರ್ಯಾಕ್ಟರೇ ಹಿಂದಕ್ಕೆ ಮಗುಚುತ್ತದೆ, ಡ್ರೈವರ್ ಅಡಿಗೆ ಬೀಳುತ್ತಾನೆ. ಹೂತ ಗಾಲಿಗೆ ಮರದ ತುಂಡು ಕಟ್ಟಿ ಗೇರ್ ಹಾಕುವವರಿಗೂ ಇದೇ ಅಪಾಯ. ಗಾಲಿ ತಿರುಗದಿದ್ದರೆ ಎಂಜಿನ್ ಗಾಡಿಯನ್ನೇ ಮೇಲಕ್ಕೆ ಎತ್ತುತ್ತದೆ.

ಹಿಂದಿನ ಕಾಲದಲ್ಲಿ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಜನ ಸಾಯುತ್ತಿದ್ದರು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಇದಕ್ಕೆ ದಾರಿ ಹುಡುಕಿದರು. ನೇಗಿಲನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಅವರ ಮೂರು ಕೊಂಡಿಯ ಹಿಚ್ 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನ ಜೊತೆ ಬಂತು. ನಮ್ಮ ಟ್ರ್ಯಾಕ್ಟರಿನ ಹಿಂದೆ ನೇಗಿಲು ಎತ್ತಿಳಿಸುವ ಲಿಫ್ಟೂ ಅದೇ. ನೇಗಿಲ ಭಾರ ಹಿಂದಿನ ಗಾಲಿಗೆ ಬೀಳುತ್ತದೆ, ಟಾಪ್ ಲಿಂಕ್ ಮುಂದಕ್ಕೆ ಒತ್ತಿ ಮುಂದಿನ ಗಾಲಿಯನ್ನು ನೆಲದಲ್ಲೇ ಇಡುತ್ತದೆ. ಉಳುವಾಗ ನಮ್ಮ ಜೀವ ಕಾಯುವ ಜಾಗ ಅದು. ನಾವು ಅಲ್ಲಿಗೇ ಸರಪಳಿ ಹಾಕಿ ಹಿಂದಕ್ಕೆ ಎಳೆಸುತ್ತಿದ್ದೇವೆ!

ಎರಡು ಗಾಲಿಯ ಟ್ರೈಲರ್‌ಗೂ ಇದೇ ಲೆಕ್ಕ. ಮೂಟೆಯೆಲ್ಲ ಹಿಂದಕ್ಕೆ ಪೇರಿಸಿದರೆ ಕೊಕ್ಕೆ ಟ್ರ್ಯಾಕ್ಟರಿನ ಹಿಂಬದಿಯನ್ನು ಮೇಲಕ್ಕೆ ಎತ್ತುತ್ತದೆ, ಟ್ರ್ಯಾಕ್ಟರ್ ಗಾಲಿ ಸುಮ್ನೆ ತಿರುಗುತ್ತದೆ. ಮುಂದಕ್ಕೆ ಜಾಸ್ತಿ ಹಾಕಿದರೆ ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ನನಗೆ ಟ್ರ್ಯಾಕ್ಟರ್ ಕೊಟ್ಟ ದಿನ ಪೂಜೆ ಆಯಿತು, ಸಿಹಿ ಹಂಚಿದರು, ಫೋಟೊ ತೆಗೆದರು. ಸರಪಳಿ ಎಲ್ಲಿಗೆ ಕಟ್ಟಬೇಕು ಅಂತ ಒಬ್ಬರೂ ಹೇಳಲಿಲ್ಲ. ಮಾರುವವರು ಅರ್ಧ ಗಂಟೆ ಇದನ್ನು ಮಾಡಿ ತೋರಿಸಲಿ. ರೈತ ಸಂಪರ್ಕ ಕೇಂದ್ರಗಳಲ್ಲಿ ಒಂದು ಚಿತ್ರ ಹಾಕಲಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರು ನಮ್ಮ ಹುಡುಗರಿಗೆ ಗದ್ದೆಯಲ್ಲೇ ಒಂದು ದಿನ ತರಬೇತಿ ಕೊಟ್ಟರೆ, ಗದ್ದೆ ನಾನು ಕೊಡುತ್ತೇನೆ, ಟ್ರ್ಯಾಕ್ಟರೂ ನನ್ನದೇ. ನಾಲೆಗೆ ನೀರು ಬಿಡುವ ಮೊದಲೇ ಆದರೆ ಒಳ್ಳೆಯದು.

ಒಬ್ಬ ಭತ್ತದ ರೈತ,
ಮಲೇಬೆನ್ನೂರು, ಹರಿಹರ ತಾಲ್ಲೂಕು