ಗೆಳೆಯನಿಗೊಂದು ಪತ್ರ: ಸೇಂಟ್ ಮಾರ್ಟನ್‌ನ ಹಾಯಿದೋಣಿ ಪಂದ್ಯ

ಪ್ರಿಯ ಗೆಳೆಯ,

ಕೆರಿಬಿಯನ್ ಕಡೆಯ ಕ್ರೂಸ್ ಪ್ರವಾಸಕ್ಕೆ ಟಿಕೆಟ್ ಕಾಯ್ದಿರಿಸಿರುವುದಾಗಿ ನೀನು ಬರೆದದ್ದನ್ನು ಓದಿ ಸಂತೋಷವಾಯಿತು. ಹಡಗು ತಂಗುವ ಊರುಗಳ ಪಟ್ಟಿಯಲ್ಲಿ ಸೇಂಟ್ ಮಾರ್ಟನ್ ದ್ವೀಪದ ಫಿಲಿಪ್ಸ್‌ಬರ್ಗ್ ಇರುವುದನ್ನು ಕಂಡ ಕೂಡಲೇ ಈ ಪತ್ರ ಬರೆಯಬೇಕೆನಿಸಿತು. ಅಲ್ಲಿ ಅಮೆರಿಕಾಸ್ ಕಪ್ ಸ್ಪರ್ಧೆಗೆಂದೇ ಕಟ್ಟಿದ ನಿಜವಾದ ಹಾಯಿದೋಣಿಗಳ ಮೇಲೆ ಪ್ರಯಾಣಿಕರೇ ಹಗ್ಗ ಎಳೆದು, ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ) ತಿರುಗಿಸಿ, ಒಂದು ತಂಡ ಇನ್ನೊಂದರ ವಿರುದ್ಧ ಸೆಣಸುವ ಪಂದ್ಯವೊಂದಿದೆ. ಉಳಿದದ್ದನ್ನೆಲ್ಲ ಬಿಟ್ಟರೂ ಅದನ್ನು ಮಾತ್ರ ಬಿಡಬೇಡ. ಹಾಯಿದೋಣಿಯ ಅನುಭವ ಒಂದಿಷ್ಟೂ ಬೇಕಿಲ್ಲ. ಹೇಳಿದ ಮಾತನ್ನು ಹೇಳಿದ ಕ್ಷಣದಲ್ಲೇ ಮಾಡುವ ಚುರುಕುತನ ಇದ್ದರೆ ಸಾಕು.

ಆ ದೋಣಿಗಳ ಹಿನ್ನೆಲೆ ತಿಳಿದು ಹೋದರೆ ನಿನಗೆ ಇನ್ನಷ್ಟು ರುಚಿಸೀತು. ಅಮೆರಿಕಾಸ್ ಕಪ್ ಆರಂಭವಾದದ್ದು 1851ರಲ್ಲಿ. ನ್ಯೂಯಾರ್ಕ್ ಯಾಟ್ ಕ್ಲಬ್ ಆ ಕಪ್ಪನ್ನು 132 ವರ್ಷಗಳ ಕಾಲ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1983ರಲ್ಲಿ, ತಳದಲ್ಲಿ ರೆಕ್ಕೆಯಂತೆ ಚಾಚಿದ ಕೀಲ್ (ದೋಣಿ ಮಗುಚದಂತೆ ಹಿಡಿಯುವ, ಅಡಿಯ ಭಾರವಾದ ಅಲಗು) ಹೊಂದಿದ್ದ 'ಆಸ್ಟ್ರೇಲಿಯಾ 2' ಅದನ್ನು 4-3ರಿಂದ ಗೆದ್ದುಕೊಂಡಿತು. ಅಂದು ಸೋತ ದೋಣಿಯ ನಾಯಕ ಡೆನ್ನಿಸ್ ಕಾನರ್. ಆತ ಸುಮ್ಮನೆ ಕೂರದೆ, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನ ಹೊರಗೆ ಮಧ್ಯಾಹ್ನದ ಹೊತ್ತು ಬೀಸುವ ಬಿರುಸಾದ ಕಡಲ ಗಾಳಿಗೆ ತಕ್ಕಂತೆ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್' ದೋಣಿಯನ್ನು ಸಿದ್ಧಪಡಿಸಿಕೊಂಡು, 1987ರಲ್ಲಿ 4-0 ಅಂತರದಿಂದ ಕಪ್ಪನ್ನು ಮರಳಿ ತಂದ. ಫಿಲಿಪ್ಸ್‌ಬರ್ಗ್‌ನಲ್ಲಿ ಪ್ರಯಾಣಿಕರನ್ನು ಹೊತ್ತು ಓಡುವ ದೋಣಿಗಳಲ್ಲಿ ಅದೂ ಒಂದು. ನನ್ನ ಪಾಲಿಗೆ ಬಂದದ್ದು 'ಕೆನಡಾ 2'. ಅದೂ ಫ್ರೀಮ್ಯಾಂಟಲ್‌ಗೆ ಹೋಗಿ, ಕಪ್ಪಿಗಾಗಿ ಸವಾಲು ಹಾಕುವವರ ಸುತ್ತುಗಳಲ್ಲಿ ಸೆಣಸಿ, ಮುಂದೆ ಹೋಗಲಾರದೆ ಹಿಂದಿರುಗಿದ ದೋಣಿ. ಅದರ ವಿನ್ಯಾಸಕಾರ ಬ್ರೂಸ್ ಕರ್ಬಿ ಒಬ್ಬರೇ ಓಡಿಸುವ 'ಲೇಸರ್' ಎಂಬ ಪುಟ್ಟ ದೋಣಿಯನ್ನೂ ರೂಪಿಸಿದವರು. ಅದು ಮುಂದೆ ಒಲಿಂಪಿಕ್ಸ್‌ವರೆಗೂ ಹೋಯಿತು.

ಈ ದೋಣಿಗಳನ್ನು 12 ಮೀಟರ್ ವರ್ಗದವು ಎನ್ನುತ್ತಾರಾದರೂ ಉದ್ದ ಸುಮಾರು 20 ಮೀಟರ್. ಉದ್ದ, ಹಾಯಿಯ ವಿಸ್ತಾರ ಮೊದಲಾದ ಅಳತೆಗಳನ್ನು ಒಂದು ಸೂತ್ರಕ್ಕೆ ಹಾಕಿದಾಗ ಬರುವ ಉತ್ತರ ಆ 12. ನೀರಿನಿಂದ ಸುಮಾರು 25 ಮೀಟರ್ ಎತ್ತರಕ್ಕೆ ಏರಿದ ಕೂವೆಮರ, ಕೆಳಗೆ ಟನ್‌ಗಟ್ಟಲೆ ಸೀಸ ತುಂಬಿದ ಕೀಲ್. ಆರಾಮಕ್ಕೆಂದು ಅಲ್ಲಿ ಏನೂ ಇಲ್ಲ. ಕ್ರೂಸ್ ಹಡಗಿನ ಮೆತ್ತನೆಯ ಕುರ್ಚಿಯಿಂದ ಎದ್ದು ಬಂದವರಿಗೆ ಆ ಬೋಳು ಡೆಕ್ ಮೊದಲಿಗೆ ಕಠಿಣವೆನಿಸಬಹುದು. ನನಗಂತೂ ಅದನ್ನು ಕಂಡೊಡನೆ ಗೌರವ ಹುಟ್ಟಿತು.

ದೋಣಿಯನ್ನು ಏರಿದ ಕೂಡಲೇ ನಾಯಕ ಎಲ್ಲರಿಗೂ ಕೆಲಸ ಹಂಚಿದ. ಒಬ್ಬರು ಗಡಿಯಾರ ಹಿಡಿದು ಸಮಯ ಕೂಗಬೇಕು, ಕೆಲವರು ದೊಡ್ಡ ಹಾಯಿಯ ಹಗ್ಗ ನೋಡಿಕೊಳ್ಳಬೇಕು, ಮತ್ತೆ ಕೆಲವರು ಗ್ರೈಂಡರ್‌ಗಳು. ನಾನು ಗ್ರೈಂಡರ್ ಕೆಲಸವನ್ನು ಕೇಳಿ ಪಡೆದೆ. ಸೊಂಟದೆತ್ತರದ ಒಂದು ಕಂಬ, ಅದರ ಎರಡು ಬದಿಗೆ ಸೈಕಲ್ ಪೆಡಲಿನಂಥ ಹಿಡಿಕೆಗಳು. ಇಬ್ಬರು ಎದುರುಬದುರು ನಿಂತು ಕೈಯಿಂದ ತಿರುಗಿಸಿದರೆ ಡೆಕ್ಕಿನ ಕೆಳಗಿನ ಹಲ್ಲುಗಾಲಿಗಳ ಮೂಲಕ ವಿಂಚ್ ಸುತ್ತಿ, ಮುಂದಿನ ಹಾಯಿಯ ಹಗ್ಗವನ್ನು ಎಳೆದುಕೊಳ್ಳುತ್ತದೆ.

ಪಂದ್ಯದ ಆರಂಭವೇ ಒಂದು ವಿದ್ಯೆ. ಹಾಯಿದೋಣಿ ಆರಂಭದ ಗೆರೆಯ ಮೇಲೆ ಬಂದು ನಿಂತು ಸಂಕೇತಕ್ಕಾಗಿ ಕಾಯುವಂತಿಲ್ಲ. ಸಂಕೇತಕ್ಕೆ ಮುಂಚೆ ಗೆರೆ ದಾಟಿದರೆ ಹಿಂದಿರುಗಿ ಬಂದು ಮತ್ತೆ ಹೊರಡಬೇಕು, ತಡವಾದರೆ ಎದುರಾಳಿಗೆ ಗಾಳಿಯನ್ನು ಒಪ್ಪಿಸಿದಂತೆ. ಆದ್ದರಿಂದ ಎರಡೂ ದೋಣಿಗಳು ಒಂದನ್ನೊಂದು ಸುತ್ತುತ್ತಾ, ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಇನ್ನೊಂದು ದಾರಿ ಬಿಡಬೇಕೆಂಬ ನಿಯಮವನ್ನು ಬಳಸಿ ಪರಸ್ಪರ ಅಟ್ಟುತ್ತಿರುತ್ತವೆ. ಸಮಯ ಕೂಗುತ್ತಿದ್ದ ಹಿರಿಯ ಮಹಿಳೆಯ ದನಿ ಕೊನೆಯ ಸೆಕೆಂಡುಗಳಲ್ಲಿ ಏರುತ್ತಾ ಹೋದಂತೆ, ಒಂದು ಗಂಟೆ ಮುಂಚೆ ಪರಿಚಯವೇ ಇಲ್ಲದಿದ್ದ ನಾವೆಲ್ಲರೂ ಉಸಿರು ಬಿಗಿಹಿಡಿದು ಅವರನ್ನೇ ನೋಡುತ್ತಿದ್ದೆವು. ಆ ಪಂದ್ಯದಲ್ಲಿ ಅವರಷ್ಟು ಮುಖ್ಯವಾದವರು ಇನ್ನೊಬ್ಬರಿರಲಿಲ್ಲ.

ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು ಎಂಬುದು ನಿನಗೆ ಗೊತ್ತೇ ಇದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತಲೇ ಮೇಲೇರಬೇಕು. ಹೀಗೆ ಗಾಳಿಗೆ ಅಡ್ಡವಾಗಿ ಮೂತಿ ಹೊರಳಿಸುವುದಕ್ಕೆ ಟ್ಯಾಕ್ ಎನ್ನುತ್ತಾರೆ. ನಾಯಕ ಚುಕ್ಕಾಣಿ ತಿರುಗಿಸುತ್ತಿದ್ದಂತೆ ಮುಂದಿನ ಹಾಯಿ ಗಾಳಿ ಕಳೆದುಕೊಂಡು ಪಟಪಟನೆ ಬಡಿದುಕೊಳ್ಳುತ್ತದೆ. ಒಂದು ಬದಿಯ ಹಗ್ಗವನ್ನು ಸಡಿಲಿಸಿದ ಮರುಗಳಿಗೆಯೇ ಇನ್ನೊಂದು ಬದಿಯ ಹಗ್ಗವನ್ನು ಸೆಳೆದುಕೊಳ್ಳಬೇಕು. ಮೊದಲು ಹಿಡಿಕೆಗಳು ಹಗುರವಾಗಿ ತಿರುಗುತ್ತವೆ. ಹಾಯಿಗೆ ಗಾಳಿ ತುಂಬಿದ್ದೇ ತಡ, ಅದೇ ಹಿಡಿಕೆ ಕಲ್ಲಿನಂತೆ ಬಿಗಿದುಬಿಡುತ್ತದೆ. ಹಾಗಾಗಿ ಗಾಳಿ ತುಂಬುವುದರೊಳಗೆ ಎಷ್ಟು ಹಗ್ಗ ಒಳಬಂದಿತು ಎಂಬುದರ ಮೇಲೆ ಇಡೀ ಹೊರಳುವಿಕೆಯ ಫಲ ನಿಂತಿದೆ, ತೋಳ್ಬಲದ ಮೇಲೆ ಅಲ್ಲ. ನನ್ನೆದುರು ನಿಂತಿದ್ದವರು ನನಗಿಂತ ಬಹಳ ಗಟ್ಟಿಮುಟ್ಟಾದ ವ್ಯಕ್ತಿ. ಆದರೂ ಒಬ್ಬರು ತಳ್ಳುವಾಗ ಇನ್ನೊಬ್ಬರು ಎಳೆಯುವ ಲಯ ಕೂಡಿಬರುವವರೆಗೆ ಅವರ ಶಕ್ತಿ ಉಪಯೋಗಕ್ಕೆ ಬರಲಿಲ್ಲ. ಲಯ ಕೂಡಿದ ಮೇಲೆ ಹಗ್ಗ ವಿಂಚಿನ ಮೇಲೆ ಕಿರ್ರನೆ ಸದ್ದು ಮಾಡುತ್ತಾ ಬಿಗಿಯತೊಡಗಿತು, ದೋಣಿ ಒಂದು ಮಗ್ಗುಲಿಗೆ ವಾಲಿತು, ನೀರು ಡೆಕ್ಕಿನ ಅಂಚನ್ನು ದಾಟಿ ಪಾದಗಳನ್ನು ತೋಯಿಸಿತು. ಆಗ ಹೆಚ್ಚಿದ ವೇಗವನ್ನು ನಾನು ಕಣ್ಣಿಗಿಂತ ಮೊದಲು ಅಂಗೈಯಲ್ಲಿ ಅರಿತೆ.

ನಿನಗೆ ನಾನು ಇಷ್ಟೊಂದು ಒತ್ತಿ ಹೇಳುತ್ತಿರುವುದು ಈ ಕಾರಣಕ್ಕಾಗಿಯೇ. ಕ್ರೂಸ್ ಹಡಗಿನಲ್ಲಿ ಸಮುದ್ರವೆಂಬುದು ಕಟಕಟೆಯಾಚೆಗಿನ ನೋಟ ಮಾತ್ರ. ಗಾಳಿ ಎತ್ತಲಿಂದ ಬೀಸಿದರೂ ಎಂಜಿನ್ ತನ್ನ ವೇಳಾಪಟ್ಟಿಯಂತೆ ನಮ್ಮನ್ನು ಸಾಗಿಸುತ್ತದೆ. ಇಲ್ಲಿಯಾದರೋ ಗಾಳಿಯ ಸಣ್ಣ ಬದಲಾವಣೆಯೂ ನಿನ್ನ ಕೈಕೆಲಸವಾಗಿ ಬಂದು ನಿಲ್ಲುತ್ತದೆ. ಸಮುದ್ರಯಾನವೆಂದರೆ ಏನೆಂಬುದು ಇಡೀ ಪ್ರವಾಸದಲ್ಲಿ ನನಗೆ ತಿಳಿದದ್ದು ಆ ಪಂದ್ಯದ ಹೊತ್ತಿನಲ್ಲಿ.

ಗಾಳಿ ಬರುವ ದಿಕ್ಕಿನ ತುದಿಯಲ್ಲಿ, ದೋಣಿಗಳು ಸುತ್ತಿ ತಿರುಗಬೇಕಾದ ತೇಲುಗುರುತನ್ನು ನಾವೇ ಮೊದಲು ಸುತ್ತಿದೆವು. ಗಾಳಿ ಬೆನ್ನಿಗೆ ಬಂದಾಗ ಮಾತ್ರ ಲೆಕ್ಕಾಚಾರ ತಲೆಕೆಳಗಾಗುತ್ತದೆ, ಏಕೆಂದರೆ ಹಿಂದೆ ಬರುವ ದೋಣಿಯ ಹಾಯಿಗಳು ಮುಂದಿನದಕ್ಕೆ ಸಿಗಬೇಕಾದ ಗಾಳಿಯನ್ನು ತಡೆದುಬಿಡುತ್ತವೆ. ನಮ್ಮ ಎದುರಾಳಿಯಾಗಿದ್ದ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್' ಸರಿಯಾಗಿ ನಮ್ಮ ಬೆನ್ನಿಗೇ ಬಂದಿತು. ನಮ್ಮ ಹಾಯಿಗಳು ಜೋಲು ಬಿದ್ದವು. ನಾಯಕ ಪಕ್ಕಕ್ಕೆ ಸರಿದು ತಿಳಿಗಾಳಿ ಹುಡುಕಿದರೂ ಅಂತಿಮ ಗೆರೆಯನ್ನು ಅವರು ನಮಗಿಂತ ಚೂರು ಮೊದಲು ದಾಟಿದರು. ಎರಡೂ ದೋಣಿಗಳವರು ಒಬ್ಬರಿಗೊಬ್ಬರು ಮನಸಾರೆ ಚಪ್ಪಾಳೆ ತಟ್ಟಿದೆವು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಜಾಗ ಬೇಗ ತುಂಬುವುದರಿಂದ ಮುಂಗಡವಾಗಿಯೇ ಕಾಯ್ದಿರಿಸು. ಹಡಗಿನವರ ಮೂಲಕವೇ ಕಾಯ್ದಿರಿಸಿದರೆ ಮರಳುವ ವೇಳೆಯ ಚಿಂತೆ ಕಡಿಮೆ. ಒದ್ದೆಯಲ್ಲಿ ಜಾರದ, ಮೆತ್ತನೆಯ ಅಡಿಯುಳ್ಳ ಬೂಟು ಹಾಕಿಕೋ. ಟೋಪಿಗೆ ದಾರ ಕಟ್ಟಿಕೋ, ಉಂಗುರಗಳನ್ನು ಕೋಣೆಯಲ್ಲೇ ಬಿಟ್ಟು ಹೋಗು, ಮತ್ತು ಹಗ್ಗ ವಿಂಚಿಗೆ ಸುತ್ತಿಕೊಳ್ಳುವ ಜಾಗದ ಹತ್ತಿರಕ್ಕೆ ಬೆರಳನ್ನು ಎಂದೂ ಒಯ್ಯಬೇಡ. ಅಲ್ಲಿನ ಎಳೆತ ಕೈಯನ್ನು ಜಜ್ಜಿಬಿಡುವಷ್ಟಿರುತ್ತದೆ. ಭುಜದ ನೋವು ಇನ್ನೂ ಇದ್ದರೆ ಮುಚ್ಚಿಡದೆ ನಾಯಕನಿಗೆ ಮೊದಲೇ ಹೇಳಿ ಸಮಯ ನೋಡುವ ಕೆಲಸ ಕೇಳು. ನೋವು ವಾಸಿಯಾಗಿದ್ದರೆ ಗ್ರೈಂಡರ್ ಬಳಿ ನಿಲ್ಲು. ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿನ ಪೂರ್ವದ ವಾಣಿಜ್ಯ ಮಾರುತಗಳು ಚೆನ್ನಾಗಿ ಬೀಸುವುದರಿಂದ ನಿನಗೆ ಒಳ್ಳೆಯ ಗಾಳಿಯೇ ದೊರೆಯಬಹುದು. ಯಾವ ದೋಣಿ ಸಿಕ್ಕಿತು, ಮೊದಲ ತೇಲುಗುರುತನ್ನು ಯಾರು ಮುಂಚೆ ಸುತ್ತಿದರು ಎಂಬುದನ್ನು ತಪ್ಪದೆ ಬರೆದು ತಿಳಿಸು.

ಇಂತಿ ನಿನ್ನ ಪ್ರೀತಿಯ ಗೆಳೆಯ